ಆಗಸದ ಹಾದಿಗೆ ಒಂದೇ ಕಣ್ಣಿನ ಕಾವಲು ಸಾಲದು

ಬೆಂಗಳೂರು: 2022ರ ಜನವರಿ 7ರ ಬೆಳಗ್ಗೆ ಇಲ್ಲಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳಿಂದ ಇಂಡಿಗೊದ ಎರಡು ವಿಮಾನಗಳು ಬಹುತೇಕ ಏಕಕಾಲಕ್ಕೆ ಮೇಲೇರಿದವು. ಒಂದು ಕೋಲ್ಕತ್ತಕ್ಕೆ, ಇನ್ನೊಂದು ಭುವನೇಶ್ವರಕ್ಕೆ ಹೊರಟಿತ್ತು. ಎರಡರ ಹಾದಿಯೂ ಪರಸ್ಪರ ಸಮೀಪಿಸುತ್ತಿತ್ತು. ಇದನ್ನು ಗಮನಿಸಿದ ರಾಡಾರ್ ನಿಯಂತ್ರಕರು ತಕ್ಷಣ ಬೇರೆ ಬೇರೆ ದಿಕ್ಕಿಗೆ ತಿರುಗುವಂತೆ ಸೂಚಿಸಿದ್ದರಿಂದ ನೂರಾರು ಜೀವಗಳು ಉಳಿದವು. ರನ್‌ವೇ ಬಳಕೆಯ ಬಗ್ಗೆ ನಿಯಂತ್ರಕರ ನಡುವೆ ಸಮನ್ವಯ ತಪ್ಪಿದ್ದೇ ಈ ಘಟನೆಗೆ ಕಾರಣವಾಗಿತ್ತು.

ವಾಯು ಸಂಚಾರ ನಿಯಂತ್ರಣ (ಎಟಿಸಿ) ಒಬ್ಬರ ಕೆಲಸವಲ್ಲ. ರನ್‌ವೇ ಮೇಲಿನ ಏರಿಳಿತವನ್ನು ಟವರ್ ನೋಡಿಕೊಳ್ಳುತ್ತದೆ. ನಿಲ್ದಾಣದ ಸುತ್ತಲಿನ ಆಗಸ ಅಪ್ರೋಚ್ ನಿಯಂತ್ರಕರದ್ದು. ದೂರದ ಮಾರ್ಗದ ಹೊಣೆ ಪ್ರಾದೇಶಿಕ ಕೇಂದ್ರದ್ದು. ಒಂದೇ ಹಾದಿಯ ವಿಮಾನಗಳ ನಡುವೆ ಸಾಮಾನ್ಯವಾಗಿ 1,000 ಅಡಿ ಎತ್ತರದ ಅಂತರವಿರಬೇಕು. ಇಲ್ಲವಾದರೆ ರಾಡಾರ್ ಕಣ್ಗಾವಲಿನಲ್ಲಿ ಹಲವು ಕಿಲೋಮೀಟರ್‌ಗಳ ಅಂತರ ಕಾಯಬೇಕು. ಸುರಕ್ಷತೆಗೆ ಸಂಬಂಧಿಸಿದ ಸೂಚನೆಗಳನ್ನು ಪೈಲಟ್ ಮರಳಿ ಓದಿ ಹೇಳುವುದು ಕಡ್ಡಾಯ.

ಇಷ್ಟಾದರೂ ಸೂಚನೆ ಪಾಲನೆಯಾಗದಿದ್ದರೆ ಏನಾದೀತು ಎಂಬುದಕ್ಕೆ 1996ರ ನವೆಂಬರ್ 12ರ ಚರ್ಖಿ ದಾದ್ರಿ ದುರಂತವೇ ಸಾಕ್ಷಿ. ದೆಹಲಿಯಿಂದ ಹೊರಟ ಸೌದಿ ವಿಮಾನಕ್ಕೆ 14,000 ಅಡಿ, ಎದುರಿನಿಂದ ಇಳಿಯುತ್ತಿದ್ದ ಕಜಕಸ್ತಾನದ ವಿಮಾನಕ್ಕೆ 15,000 ಅಡಿ ನಿಗದಿಯಾಗಿತ್ತು. ಕಜಕ್ ವಿಮಾನ ನಿಗದಿತ ಎತ್ತರಕ್ಕಿಂತ ಕೆಳಗಿಳಿಯಿತು. ಡಿಕ್ಕಿಯಲ್ಲಿ 349 ಮಂದಿ ಸತ್ತರು. ವಿಮಾನದ ಎತ್ತರವನ್ನು ಪರದೆಯ ಮೇಲೆ ತೋರಿಸುವ ರಾಡಾರ್ ಅಂದು ದೆಹಲಿ ನಿಯಂತ್ರಕರ ಬಳಕೆಗೆ ದೊರೆತಿರಲಿಲ್ಲ. ಬರುವ, ಹೋಗುವ ವಿಮಾನಗಳಿಗೆ ಒಂದೇ ಹಾದಿಯಿತ್ತು. ಆ ಬಳಿಕವೇ ಹಾದಿಗಳು ಬೇರೆಯಾದವು. ಡಿಕ್ಕಿ ತಡೆಯುವ ಎಚ್ಚರಿಕೆ ಸಾಧನವೂ ವಿಮಾನಗಳಲ್ಲಿ ಕಡ್ಡಾಯವಾಯಿತು.

ಎರಡು ಘಟನೆಗಳನ್ನು ಒಟ್ಟಿಗಿಟ್ಟು ನೋಡಿದರೆ ಪಾಠ ಸ್ಪಷ್ಟ. ದೆಹಲಿಯಲ್ಲಿ ಸೂಚನೆ ಸರಿಯಿತ್ತು, ತಪ್ಪನ್ನು ಕಾಣುವ ಎರಡನೇ ಕಣ್ಣು ಇರಲಿಲ್ಲ. ಬೆಂಗಳೂರಿನಲ್ಲಿ ನೆಲದ ಮೇಲೆಯೇ ತಪ್ಪಾಯಿತು, ಆದರೆ ಎರಡನೇ ಕಣ್ಣು ಎಚ್ಚರವಾಗಿತ್ತು.

ಆ ಕಣ್ಣು ದಣಿದರೆ? ನಿಯಂತ್ರಕರ ಕೊರತೆ, ಕೆಲಸದ ಒತ್ತಡ ಮತ್ತು ಹಳತಾದ ತಂತ್ರಜ್ಞಾನದ ಬಗ್ಗೆ 2025ರ ಆಗಸ್ಟ್‌ನಲ್ಲಿ ಸಂಸದೀಯ ಸ್ಥಾಯಿ ಸಮಿತಿ ಎಚ್ಚರಿಸಿತು. ಅದೇ ನವೆಂಬರ್‌ನಲ್ಲಿ ದೆಹಲಿಯ ಸಂದೇಶ ರವಾನೆ ವ್ಯವಸ್ಥೆ ಕೈಕೊಟ್ಟು, ಸಿಬ್ಬಂದಿ ಕೈಯಾರೆ ಕೆಲಸ ನಿಭಾಯಿಸಬೇಕಾಯಿತು. ನೂರಾರು ವಿಮಾನಗಳು ತಡವಾದವು. ಹೊಸ ಟರ್ಮಿನಲ್, ಹೊಸ ರನ್‌ವೇಗಳು ಪ್ರಯಾಣಿಕರ ಕಣ್ಣಿಗೆ ಬೀಳುತ್ತವೆ. ನಿಯಂತ್ರಣ ಕೊಠಡಿಯ ಖಾಲಿ ಕುರ್ಚಿ ಬೀಳುವುದಿಲ್ಲ. ಸರ್ಕಾರ ಮೊದಲು ತುಂಬಬೇಕಿರುವುದು ಆ ಕುರ್ಚಿಯನ್ನೇ.