ವೀಸಾ ಬರುವ ತನಕ ಕಾಯಕಕ್ಕೆ ರಜೆಯೇ?

ಕಳೆದ ಶ್ರಾವಣದಲ್ಲಿ ನಮ್ಮೂರ ಮಠದ ಅನುಭಾವಗೋಷ್ಠಿಯಲ್ಲಿ ಕಾಯಕದ ಬಗ್ಗೆ ಮುಕ್ಕಾಲು ಗಂಟೆ ಮಾತನಾಡಿದೆ. ಯಾವ ಕಾಯಕವೂ ಕೀಳಲ್ಲ ಎಂದೆ. ಶರಣರಲ್ಲಿ ದೋಣಿ ನಡೆಸುವವರಿದ್ದರು, ಹಗ್ಗ ಹೊಸೆಯುವವರಿದ್ದರು, ಚಪ್ಪಲಿ ಹೊಲಿಯುವವರಿದ್ದರು ಎಂದೆ. ಜನ ತಲೆದೂಗಿದರು. ಪೂಜ್ಯರೂ ಮೆಚ್ಚಿ ಎರಡು ಮಾತಾಡಿದರು. ಪ್ರಸಾದ ಮುಗಿಸಿ ಮನೆಗೆ ಬರುವಾಗ, ಬೈಪಾಸ್ ರಸ್ತೆಯ ಒಂದು ಫ್ಯಾಬ್ರಿಕೇಶನ್ ಶೆಡ್ಡಿನ ಮುಂದೆ ನನ್ನ ಮಗ ಕಪ್ಪು ಕನ್ನಡಕ ಹಾಕಿಕೊಂಡು ಕುಕ್ಕರಗಾಲಲ್ಲಿ ಕುಳಿತು ಯಾರದೋ ಮನೆಯ ಗೇಟಿಗೆ ವೆಲ್ಡಿಂಗ್ ಮಾಡುತ್ತಿದ್ದ. ಕಾರಿನಲ್ಲಿ ನನ್ನ ಜೊತೆ ಇಬ್ಬರು ಗೆಳೆಯರಿದ್ದರು. ನಾನು ಕಾರು ನಿಲ್ಲಿಸಲಿಲ್ಲ.

ಅವನು ಮೆಕ್ಯಾನಿಕಲ್ ಇಂಜಿನಿಯರ್. ಜರ್ಮನಿಯ ಒಂದು ಸಣ್ಣ ಕಂಪನಿಯ ನೇಮಕಪತ್ರ ಅವನ ಕೈಯಲ್ಲಿತ್ತು, ವೀಸಾ ಮಾತ್ರ ಬಂದಿರಲಿಲ್ಲ. ಬೆಂಗಳೂರಿನಲ್ಲಿ ಇದ್ದ ಕೆಲಸ ಬಿಟ್ಟು ಐದು ತಿಂಗಳಾಗುತ್ತ ಬಂದಿತ್ತು. ಆ ದಿನ ಕಾರು ನಿಲ್ಲಿಸದೆ ಹೋದ ತಂದೆಯೇ ಈಗ ಇದನ್ನು ಬರೆಯುತ್ತಿರುವುದು. ನಮ್ಮ ಮಠದ ಭಕ್ತರ ಮನೆಗಳಲ್ಲಿ ಈಗ ಹೊರದೇಶಕ್ಕೆ ಹೊರಟ ಮಕ್ಕಳು ಬಹಳ. ಅವರು ಅಲ್ಲಿ ತಲುಪಿದ ಮೇಲಿನ ಫೋಟೋಗಳನ್ನು ಎಲ್ಲರೂ ತೋರಿಸುತ್ತಾರೆ. ಹೊರಡುವ ಮುಂಚಿನ ತಿಂಗಳುಗಳ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಕೆಲಸ ಬಿಡು ಎಂದವನು ನಾನೇ. 2025ರ ಜನವರಿಯಲ್ಲಿ ನೇಮಕಪತ್ರ ಬಂತು. ಜೂನ್ ಒಂದಕ್ಕೆ ಸೇರಬೇಕು ಎಂದಿತ್ತು. ಇಲ್ಲಿಯ ಕಂಪನಿಯಲ್ಲಿ ಮೂರು ತಿಂಗಳ ನೋಟಿಸ್ ಕೊಡಬೇಕು. "ವೀಸಾ ಬಂದ ಮೇಲೆ ಕೊಡ್ತೀನಿ ಅಪ್ಪಾಜಿ" ಎಂದ ಹುಡುಗನಿಗೆ, "ಪತ್ರ ಕೈಯಲ್ಲಿದೆ, ಇನ್ನೇನು ಅನುಮಾನ? ತಡ ಮಾಡಿದರೆ ಅವರು ಬೇರೆಯವರನ್ನು ತೆಗೆದುಕೊಂಡಾರು" ಎಂದು ನಾನು ಬೆನ್ನು ಹತ್ತಿದೆ. ಮಾರ್ಚ್ ಕೊನೆಗೆ ಅವನು ಅಲ್ಲಿಂದ ಬಿಡುಗಡೆಯಾದ. ಬಸವ ಜಯಂತಿಯ ಮಾರನೆಯ ದಿನ ಮಠದಲ್ಲಿ ದಾಸೋಹ ಇಟ್ಟು, ಮುನ್ನೂರು ಜನರ ಮುಂದೆ ಅವನಿಗೆ ಶಾಲು ಹೊದಿಸಿ ಬೀಳ್ಕೊಟ್ಟೆವು. ಬೀಳ್ಕೊಟ್ಟವನು ಮರುದಿನವೂ ಮನೆಯಲ್ಲಿದ್ದ, ಮರುತಿಂಗಳೂ ಮನೆಯಲ್ಲಿದ್ದ. ಹಾಲು ತರಲು ಹೋದರೂ ಯಾರಾದರೂ ಒಬ್ಬರು "ಇನ್ನೂ ಹೋಗಿಲ್ವಾ?" ಎನ್ನುತ್ತಿದ್ದರು.

ಮೂವತ್ತಾರು ವರ್ಷ ಸರ್ಕಾರಿ ಇಂಜಿನಿಯರ್ ಆಗಿದ್ದವನಿಗೆ ಗೊತ್ತಿರಬೇಕಿತ್ತು. ಟೆಂಡರ್ ಒಪ್ಪಿಗೆಯಾಯಿತೆಂದು ಯಾರೂ ಕಾಲುವೆಗೆ ನೀರು ಬಿಡುವುದಿಲ್ಲ. ಭೂಮಿ ಸ್ವಾಧೀನವಾಗಬೇಕು, ರೈಲ್ವೆಯವರ ಅನುಮತಿ ಬರಬೇಕು, ದಾರಿಯಲ್ಲಿ ಬಂಡೆ ಸಿಕ್ಕರೆ ಅಂದಾಜು ಬದಲಾಗಬೇಕು. ನೇಮಕಪತ್ರವೆಂದರೆ ಒಪ್ಪಿಗೆಯಾದ ಟೆಂಡರ್ ಅಷ್ಟೆ. ಅದಾದ ಮೇಲೆ ಏನೇನು ಆಗಬೇಕು ಎಂದು ಆರಂಭದಲ್ಲೇ ಕುಳಿತು ಓದಬೇಕಿತ್ತು. ನಾವು ಓದಲಿಲ್ಲ.

ಓದಿದ್ದರೆ ತಿಳಿಯುತ್ತಿತ್ತು. ಪದವೀಧರರಿಗೆ ಜರ್ಮನಿ ಕೊಡುವ ಪರವಾನಗಿಗೆ ಬ್ಲೂ ಕಾರ್ಡ್ ಎನ್ನುತ್ತಾರೆ. ಅದಕ್ಕೆ ಸಂಬಳದ ಕೆಳಮಿತಿ ಇದೆ. 2025ರಲ್ಲಿ ಅದು ವರ್ಷಕ್ಕೆ 48,300 ಯೂರೋ. ಇಂಜಿನಿಯರ್, ವೈದ್ಯರಂತಹ, ಅಲ್ಲಿ ಜನ ಸಾಲದ ವೃತ್ತಿಗಳಿಗೆ ಮಿತಿ ಕಡಿಮೆ, 43,759 ಯೂರೋ ಚಿಲ್ಲರೆ. ನನ್ನ ಮಗನಿಗೆ 46,000 ಎಂದಿದ್ದರು. ಅರ್ಹತೆ ಇತ್ತು. ಆದರೆ ದೊಡ್ಡ ಮಿತಿಗಿಂತ ಕಡಿಮೆ ಸಂಬಳವಾದರೆ ಅವರ ಕೇಂದ್ರ ಉದ್ಯೋಗ ಸಂಸ್ಥೆಯ ಒಪ್ಪಿಗೆಯೂ ಬೇಕು. ಅಂದರೆ ಕಡತ ಇನ್ನೊಂದು ಮೇಜಿಗೆ ಹೋಗಿ ಬರಬೇಕು. ಇದು ನಮಗೆ ಜುಲೈವರೆಗೆ ಗೊತ್ತೇ ಇರಲಿಲ್ಲ.

ಎರಡನೆಯದು ಪದವಿ. ಯಾವ ದೇಶದ ಯಾವ ವಿಶ್ವವಿದ್ಯಾಲಯ, ಯಾವ ಪದವಿ ತಮ್ಮ ಪದವಿಗೆ ಸಮ ಎಂದು ಹೇಳುವ ಅನಾಬಿನ್ ಎಂಬ ಪಟ್ಟಿಯನ್ನು ಅವರು ಇಟ್ಟಿದ್ದಾರೆ. ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ವಿಶ್ವವಿದ್ಯಾಲಯದ ಹೆಸರಿನ ಮುಂದೆ ಎಚ್ ಪ್ಲಸ್ ಎಂದಿರಬೇಕು, ಪದವಿಯೂ ಅದರಲ್ಲಿ ಇರಬೇಕು. ನನ್ನ ಮಗ ಮೊದಲು ಡಿಪ್ಲೊಮಾ ಮಾಡಿ, ಆಮೇಲೆ ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರಿದವನು. ಅವನ ಪದವಿ ಪಟ್ಟಿಯಲ್ಲಿ ಇದ್ದಂತೆ ಸರಿಯಾಗಿ ಹೊಂದಲಿಲ್ಲ. ಅಂಥವರು 208 ಯೂರೋ ಕಟ್ಟಿ ಅವರ ಶಿಕ್ಷಣ ಕಚೇರಿಯಿಂದ ಸಮಾನತೆಯ ಹೇಳಿಕೆ ಪಡೆಯಬೇಕು. ನೇಮಕಪತ್ರಕ್ಕೆ ಕಾಯದೆ, ವಿದೇಶದ ಯೋಚನೆ ಬಂದ ದಿನವೇ ಅದಕ್ಕೆ ಅರ್ಜಿ ಹಾಕಬಹುದು. ನಾವು ಹಾಕಿದ್ದು, ವೀಸಾ ಕಚೇರಿ ಕೇಳಿದ ಮೇಲೆ.

ಮೂರನೆಯದು ಹೆಸರು. ಇದು ನಮ್ಮವರ ಪಾಲಿಗೆ ದೊಡ್ಡ ತಲೆನೋವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಪದವಿ ಪತ್ರದಲ್ಲಿ ತಂದೆಯ ಪೂರ್ತಿ ಹೆಸರು, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು ಒಂದು, ಪಾಸ್‌ಪೋರ್ಟಿಗೆ ಏಜೆಂಟು ಬರೆದದ್ದು ಇನ್ನೊಂದು. ಮೂವರೂ ಒಬ್ಬನೇ ಎಂದು ಅಫಿಡವಿಟ್ ಮಾಡಿಸಲು ಓಡಾಡಿದೆವು. ಹತ್ತನೇ ತರಗತಿಯ ಮಕ್ಕಳಿರುವ ಮನೆಯವರು ಇದೊಂದನ್ನಾದರೂ ಈ ವಾರವೇ ನೋಡಿಕೊಳ್ಳಿ.

ಇಷ್ಟೆಲ್ಲ ಇದ್ದೂ ಬೇಗ ಮುಗಿಯುವ ದಾರಿಯೊಂದಿತ್ತು. ಕೆಲಸ ಕೊಡುವ ಕಂಪನಿಯೇ 411 ಯೂರೋ ಕಟ್ಟಿ ಅಲ್ಲಿಯ ವಲಸೆ ಕಚೇರಿಯಲ್ಲಿ ತ್ವರಿತ ವಿಧಾನಕ್ಕೆ ಅರ್ಜಿ ಹಾಕಬಹುದು. ಆ ಕಚೇರಿ ಮುಂಚಿತವಾಗಿ ಒಪ್ಪಿದರೆ, ಇಲ್ಲಿಯ ವೀಸಾ ಕಚೇರಿ ಮೂರು ವಾರದೊಳಗೆ ಭೇಟಿಯ ದಿನ ಕೊಡಬೇಕು, ಪೂರ್ಣ ಅರ್ಜಿ ಕೈಸೇರಿದ ಮೇಲೆ ಸಾಮಾನ್ಯವಾಗಿ ಮೂರು ವಾರದೊಳಗೆ ತೀರ್ಮಾನಿಸಬೇಕು. ಆ ಕಂಪನಿಗೆ ನನ್ನ ಮಗನೇ ಮೊದಲ ಭಾರತೀಯ. ಅವರಿಗೆ ಹೊಳೆಯಲಿಲ್ಲ, ಕೇಳಬೇಕೆಂದು ನಮಗೂ ತಿಳಿಯಲಿಲ್ಲ. ಬೀಳ್ಕೊಡುಗೆಗೆ ಖರ್ಚು ಮಾಡಿದ ದುಡ್ಡಿನಲ್ಲಿ ಆ ಶುಲ್ಕವನ್ನು ನಾವೇ ಎರಡು ಸಲ ಕಟ್ಟಬಹುದಿತ್ತು.

ಕಾರಣ ಇಷ್ಟು ಸ್ಪಷ್ಟವಾಗಿದ್ದರೂ ನಮ್ಮ ಮನೆಯಲ್ಲಿ ನಡೆದ ಚರ್ಚೆಯೇ ಬೇರೆ. ಅತ್ತಿಗೆಯವರು ಹೈದರಾಬಾದಿನ ಹತ್ತಿರದ ಚಿಲುಕೂರಿಗೆ ಹೋಗಿಬನ್ನಿ ಎಂದರು. ಜನ ವೀಸಾ ಬಾಲಾಜಿ ಎಂದೇ ಕರೆಯುವ ಗುಡಿ ಅದು. ಹನ್ನೊಂದು ಸುತ್ತು ಹಾಕಿ ಬೇಡಿಕೊಳ್ಳುವುದು, ವೀಸಾ ಬಂದರೆ ನೂರೆಂಟು ಸುತ್ತು ಹಾಕಿ ತೀರಿಸುವುದು. ಇನ್ನೊಬ್ಬ ಬಂಧುಗಳು ಶನಿಶಾಂತಿ ಮಾಡಿಸಲು ಹನ್ನೆರಡು ಸಾವಿರದ ಲೆಕ್ಕ ಕೊಟ್ಟರು. ನಾನು ಖಡಾಖಂಡಿತವಾಗಿ ಬೇಡ ಎಂದೆ. ಬೇಡ ಎಂದವನೇ ಒಂದು ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಶನಿಯ ಸಂಚಾರ ಹುಡುಕಿದ್ದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ. ಇಪ್ಪತ್ತು ವರ್ಷದಿಂದ ಮೌಢ್ಯದ ವಿರುದ್ಧ ಮಾತಾಡಿದವನು ನಾನು. ಏನು ನಡೆಯುತ್ತಿದೆ ಎಂದು ಗೊತ್ತಿಲ್ಲದ ಕಡೆಯೇ ಶನಿ ಬಂದು ಕೂರುತ್ತಾನೆ. ಪದವಿಯ ಹೇಳಿಕೆ ಬಾಕಿ ಇದೆ ಎಂದು ತಿಳಿದ ದಿನ ನಮ್ಮ ಮನೆಯಲ್ಲಿ ಶನಿಯ ಮಾತು ನಿಂತಿತು.

ನಿಲ್ಲದೆ ಹೋದದ್ದು ಮದುವೆಯ ಮಾತು. ಸಂಬಂಧ ಹೇಳಿಕೊಂಡು ಬಂದ ಹಿರಿಯರೊಬ್ಬರು ಹುಡುಗಿಯ ಫೋಟೋ ತೋರಿಸಿ, ಸ್ವಲ್ಪ ಹತ್ತಿರ ಬಂದು, "ಸರ್, ವೀಸಾ ಸ್ಟ್ಯಾಂಪ್ ಆದಮೇಲೆ ಕೂತು ಮಾತಾಡೋಣ. ಆಗ ಲೆಕ್ಕವೇ ಬೇರೆ" ಎಂದರು. ಬಸವಣ್ಣನವರ ಫೋಟೋದ ಕೆಳಗೆ ಕುಳಿತೇ ಹೇಳಿದ ಮಾತಿದು. ಪಾಸ್‌ಪೋರ್ಟಿಗೆ ಅಂಟಿಸುವ ಒಂದು ಚೀಟಿಗೆ ನಾವು ವರದಕ್ಷಿಣೆಯ ಬೆಲೆ ಕಟ್ಟುತ್ತಿದ್ದೇವೆ. ಅವರನ್ನು ನಾನು ಬಾಗಿಲವರೆಗೆ ಕಳಿಸಿಕೊಟ್ಟೆ. ಮರಳಿ ಕರೆಯಲಿಲ್ಲ.

ಶೆಡ್ಡಿನಲ್ಲಿ ಮಗನನ್ನು ನೋಡಿದ ರಾತ್ರಿ, ಊಟಕ್ಕೆ ಕುಳಿತಾಗ, "ಯಾಕಪ್ಪಾ, ನಮ್ಮ ಮನೆಗೆ ಏನು ಕಡಿಮೆಯಾಗಿದೆ?" ಎಂದೆ.

"ಕಡಿಮೆ ಏನೂ ಆಗಿಲ್ಲ ಅಪ್ಪಾಜಿ. ಮನೇಲಿ ಕೂತರೆ ದಿನಕ್ಕೆ ನಾಲ್ಕು ಸಲ ನೀವು 'ಬಂತಾ' ಅಂತೀರಿ. ಅಲ್ಲಿ ಯಾರೂ ಕೇಳಲ್ಲ. ಗೇಟು ಎಷ್ಟು ಗಂಟೆಗೆ ಆಗುತ್ತೆ ಅಂತ ಮಾತ್ರ ಕೇಳ್ತಾರೆ" ಎಂದ.

ಅವನು ಆ ಶೆಡ್ಡಿಗೆ ಹೋಗಲು ಶುರು ಮಾಡಿ ಆರು ವಾರವಾಗಿತ್ತು. ನಮ್ಮಾಕೆಗೆ ಗೊತ್ತಿತ್ತು, ನನಗೆ ಹೇಳಿರಲಿಲ್ಲ. ನಾನು ಏನೆನ್ನುತ್ತೇನೆ ಎಂದು ಇಬ್ಬರಿಗೂ ಗೊತ್ತಿತ್ತಲ್ಲ!

ಕಾಯಿಸುವುದು ಏನೆಂದು ನನಗೆ ಮೇಜಿನ ಇನ್ನೊಂದು ಬದಿಯಿಂದ ಗೊತ್ತು. ಕಾಲುವೆ ಕೆಲಸದಲ್ಲಿದ್ದಾಗ ಜಮೀನು ಹೋದ ರೈತರಿಗೆ ಪರಿಹಾರ ಸಿಗಬೇಕಾದರೆ ಜಂಟಿ ಅಳತೆಯ ವರದಿಗೆ ನನ್ನ ಸಹಿ ಬೇಕಿತ್ತು. ಒಬ್ಬ ರೈತ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. "ಮುಂದಿನ ವಾರ ನೋಡೋಣ" ಎಂದು ಎಷ್ಟು ಸಲ ಅಂದಿದ್ದೇನೋ. ಲಂಚ ಮುಟ್ಟಿದವನಲ್ಲ ಎಂಬ ಹೆಮ್ಮೆಯಲ್ಲಿ, ಆತನ ಕಡತ ಒಂದು ಇಡೀ ಮಳೆಗಾಲ ನನ್ನ ಬೀರುವಿನಲ್ಲಿತ್ತು ಎಂಬುದು ನನಗೆ ತಪ್ಪಾಗಿ ಕಾಣಲೇ ಇಲ್ಲ. ನನ್ನ ಮಗ ರಾತ್ರಿ ಹನ್ನೊಂದಕ್ಕೆ ಮೇಲ್ ತೆರೆದು ನೋಡುತ್ತಿದ್ದಾಗ ಆ ರೈತನ ಮುಖ ನೆನಪಾಗುತ್ತಿತ್ತು.

ಹಾಗೆ ನೋಡಿದರೆ ನಮ್ಮದು ಪಿಂಚಣಿ ಬರುವ ಮನೆಯ ಕಾಯುವಿಕೆ. ನಮ್ಮ ಪಕ್ಕದ ಊರಿನ ಗಾರೆ ಕೆಲಸದ ಹುಡುಗ ಕೊಲ್ಲಿ ದೇಶಕ್ಕೆ ಹೋಗಲು ನೂರಕ್ಕೆ ಮೂರರ ಬಡ್ಡಿಗೆ ಒಂದೂವರೆ ಲಕ್ಷ ತಂದು ಏಜೆಂಟನಿಗೆ ಕೊಟ್ಟ. ನಾಲ್ಕು ತಿಂಗಳು ಕಾಯಿಸಿ, ಕೊನೆಗೆ ವಿಸಿಟ್ ವೀಸಾ ಕೈಗಿಟ್ಟು, "ಅಲ್ಲಿ ಹೋದಮೇಲೆ ಬದಲಾಯಿಸಿ ಕೊಡ್ತಾರೆ" ಎಂದ. ಬದಲಾಯಿಸಲಿಲ್ಲ. ಎರಡೇ ತಿಂಗಳಿಗೆ ಹುಡುಗ ವಾಪಸು ಬಂದ, ಬಡ್ಡಿ ಇನ್ನೂ ಓಡುತ್ತಿದೆ. ಕಾನೂನಿನ ಪ್ರಕಾರ ನೋಂದಾಯಿತ ಏಜೆಂಟರು ಸೇವಾ ಶುಲ್ಕವೆಂದು 30,000 ರೂಪಾಯಿ ಮತ್ತು ಜಿ.ಎಸ್.ಟಿ.ಗಿಂತ ಹೆಚ್ಚು ಪಡೆಯುವಂತಿಲ್ಲ. ಅಂಥ ಏಜೆಂಟರ ಪಟ್ಟಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿದೆ. ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿ ಬೇಕು. ಅದನ್ನು ಪಡೆದು ಹೋದವರಿಗೆ 10 ಲಕ್ಷ ರೂಪಾಯಿಯ ವಿಮೆ ಇದೆ, ಎರಡು ವರ್ಷಕ್ಕೆ ಕಂತು ಬರೀ 275 ರೂಪಾಯಿ. ವಿಸಿಟ್ ವೀಸಾದಲ್ಲಿ ಹೋದ ಹುಡುಗನಿಗೆ ಇದು ಯಾವುದೂ ಇಲ್ಲ. ನಮ್ಮ ಮಠಗಳಲ್ಲಿ ಇಷ್ಟೊಂದು ಶಿಬಿರ ನಡೆಯುತ್ತವೆ. ವರ್ಷಕ್ಕೊಂದು ದಿನ ಈ ಮಾಹಿತಿಗೆ ಇಟ್ಟರೆ ಎಷ್ಟು ಮನೆ ಉಳಿಯುತ್ತವೆ ಎಂದು ಪೂಜ್ಯರಲ್ಲಿ ಅರಿಕೆ ಮಾಡಿದ್ದೇನೆ. ಆಗಲಿ ಎಂದಿದ್ದಾರೆ.

ನನ್ನ ಮಗನ ವೀಸಾ ನವೆಂಬರಿನಲ್ಲಿ ಬಂತು. ಕಂಪನಿಯವರು ಸೇರುವ ದಿನವನ್ನು ಎರಡು ಸಲ ಮುಂದೂಡಿದ್ದರು, ದೊಡ್ಡ ಮನಸ್ಸಿನವರು. ಎಲ್ಲರೂ ಹೀಗೆ ಕಾಯುವುದಿಲ್ಲ. ಕೆಲಸದ ಕರಾರಿನಲ್ಲಿ ಇಂಥ ತಾರೀಖು ಎನ್ನುವ ಬದಲು, ವೀಸಾ ಸಿಕ್ಕ ಮೇಲೆ ಇಷ್ಟು ವಾರದೊಳಗೆ ಎಂದು ಬರೆಸಿಕೊಳ್ಳಲು ಕೇಳಿ. ಇಲ್ಲಿಯ ನೋಟಿಸ್ ಅವಧಿಯನ್ನು ಅವರಿಗೆ ಮೊದಲೇ ತಿಳಿಸಿ. ನಾನು ವಿಚಾರಿಸಿದ ನಾಲ್ಕು ಮನೆಗಳಲ್ಲಿ ಮೂರು ಕಡೆ ಕಂಪನಿಗಳು ಒಪ್ಪಿವೆ. ನಮ್ಮವರೇ ಕೇಳಲು ಹೆದರುತ್ತಾರೆ.

ಈ ಸಲ ಬೀಳ್ಕೊಡುಗೆ ಇಡಲಿಲ್ಲ. ಹೊರಡುವ ಹಿಂದಿನ ದಿನವೂ ಅವನು ಶೆಡ್ಡಿಗೆ ಹೋಗಿದ್ದ. ಸಂಜೆ ನಾನೇ ಕರೆತರಲು ಹೋದೆ, ಕಾರು ನಿಲ್ಲಿಸಿ ಒಳಗೆ ಹೋದೆ. ಶೆಡ್ಡಿನ ಯಜಮಾನರು ಚಹಾ ತರಿಸಿ, "ಸರ್, ನಿಮ್ಮ ಹುಡುಗ ಮೂಲೆ ಹಿಡಿದರೆ ಗುಂಡು ಇಡೋದೇ ಬೇಡ, ಅಷ್ಟು ನೇರ" ಎಂದರು. ನನ್ನ ಸೇವೆಯಲ್ಲಿ ಯಾವ ಮೇಲಧಿಕಾರಿಯೂ ನನ್ನ ಬಗ್ಗೆ ಹೀಗೆ ಹೇಳಿದ್ದು ನೆನಪಿಲ್ಲ.

ಈಗ ಪ್ರತಿ ತಿಂಗಳ ಎರಡನೇ ಭಾನುವಾರ, ಸಾಮೂಹಿಕ ಪ್ರಾರ್ಥನೆಯ ನಂತರ, ಮಠದ ಗ್ರಂಥಾಲಯದಲ್ಲಿ ಕುಳಿತಿರುತ್ತೇನೆ. ಹೊರದೇಶದ ಕೆಲಸಕ್ಕೆ ಹೊರಟವರು, ಏಜೆಂಟರಿಗೆ ದುಡ್ಡು ಕೊಡಬೇಕೆಂದಿರುವವರು ಕಾಗದಪತ್ರ ತಂದು ತೋರಿಸಬಹುದು, ಶುಲ್ಕವಿಲ್ಲ. ಬರುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಪಾಸ್‌ಪೋರ್ಟ್ ಎರಡನ್ನೂ ತನ್ನಿ. ಮೊದಲು ಹೆಸರು ನೋಡೋಣ.