ಒಲೆ ನೋಡುವ ಮುಂಚೆ ಹೊಗೆಗೆ ದಾರಿ ನೋಡಿ

ಡಿಸೆಂಬರ್ ಬಂತೆಂದರೆ ನಮ್ಮ ಬಂಗಾರಪೇಟೆಯ ಹೆಂಗಸರ ಬಾಯಲ್ಲಿ ಎರಡೇ ಮಾತು. ಒಂದು ಅವರೆಕಾಯಿ, ಇನ್ನೊಂದು ಬಿಸಿನೀರು. ಬೆಂಗಳೂರಿನ ರೈಲು ಹಿಡಿಯುವವರಿರುವ ಮನೆಯಲ್ಲಂತೂ ಬೆಳಗಿನ ಐದು ಗಂಟೆಗೇ ಬಕೆಟ್ ತುಂಬಿರಬೇಕು. ಸರಿಯಾಗಿ ಆ ಹೊತ್ತಿಗೇ ಕರೆಂಟು ಕೈಕೊಡುತ್ತೆ! ಜೊತೆಗೆ ನಮ್ಮ ಬೋರ್‌ವೆಲ್ ನೀರಿನ ಗಡಸುತನಕ್ಕೆ ಗೀಸರ್ ಕಾಯಿಲ್ ಮೇಲೆ ಸುಣ್ಣದ ಹಾಗೆ ಪದರ ಕಟ್ಟಿ, ಅದು ಯಾವಾಗ ಸುಟ್ಟುಹೋಗುತ್ತೋ ಹೇಳುವ ಹಾಗಿಲ್ಲ. ಹಾಗಾಗಿ "ಒಂದು ಸೌದೆ ಒಲೆ ಹಾಕಿಸಿಬಿಡೋಣ" ಎಂಬ ಮಾತು ಈಚೆಗೆ ಟೌನಿನ ಮನೆಗಳಲ್ಲೂ ಕೇಳಿಬರುತ್ತಿದೆ.

ನಮ್ಮ ಮನೆಯಲ್ಲಿ ಈ ಮಾತು ತೆಗೆದವಳು ನಾನೇ. ಹಿತ್ತಲಲ್ಲಿ ಜಾಗ ಇದೆ, ನೀರೂ ಕಾಯುತ್ತೆ, ಮುದ್ದೆ ಸಾರೂ ಆಗುತ್ತೆ, ಗ್ಯಾಸೂ ಉಳಿಯುತ್ತೆ ಎಂದು ಅತ್ತೆಯವರ ಮುಂದೆ ಲೆಕ್ಕ ಒಪ್ಪಿಸಿದೆ. ಅವರು ಹೇಳಿದ್ದು ಇಷ್ಟೇ: "ನೀರಿಗೆ ಬೇಕಾದ್ರೆ ಹಾಕಿಸ್ಕೋ ಕಣಮ್ಮ. ಅಡುಗೆಮನೆ ಒಳಗೆ ಮಾತ್ರ ಬೇಡ."

ಮೂವತ್ತು ವರ್ಷ ಊದುಗೊಳವೆ ಹಿಡಿದವರು ಅವರು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೂ ಇವತ್ತು ಅವರ ದಿಂಬಿನ ಪಕ್ಕದಲ್ಲಿ ಇನ್‌ಹೇಲರ್ ಇದೆ. ಡಾಕ್ಟರು ಮೊದಲು ಕೇಳಿದ್ದೇ "ಎಷ್ಟು ವರ್ಷ ಸೌದೆ ಒಲೆಯಲ್ಲಿ ಅಡುಗೆ ಮಾಡಿದ್ರಿ ತಾಯಿ?" ಎಂದು. ಇದು ನಮ್ಮೊಬ್ಬರ ಮನೆ ಕತೆಯಲ್ಲ. ಮನೆಯೊಳಗಿನ ಒಲೆ ಹೊಗೆಯಿಂದಾಗಿ 2020ರಲ್ಲಿ ಪ್ರಪಂಚದಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಹಾಗಂತ ಸೌದೆ ಒಲೆಯೇ ಬೇಡ ಅಂತೀರಾ? ಹಾಗಲ್ಲ. ತಪ್ಪು ಸೌದೆಯದಲ್ಲ, ಹೊಗೆಗೆ ದಾರಿ ಬಿಡದ ನಮ್ಮದು. ಈ ಸಂಗತಿ ನಮ್ಮ ರಾಜ್ಯದಲ್ಲೇ ಬಹಳ ಹಿಂದೆ ಗೊತ್ತಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ವಿಭಾಗ ಶುರು ಮಾಡಿದರು. ಅಲ್ಲಿಂದ ಬಂದದ್ದೇ 'ಅಸ್ತ್ರ ಒಲೆ'. ಮೂರು ಪಾತ್ರೆ ಕೂರುವ ಒಲೆ. ಸೌದೆಯ ಕೆಳಗೆ ಗಾಳಿಯಾಡಲು ಜಾಲರಿ, ಹಿಂದೆ ಹೊಗೆ ಕೊಳವೆ. ಹಳೆಯ ಒಲೆಯಲ್ಲಿ ಸೌದೆಯ ಶಾಖದಲ್ಲಿ ಹತ್ತರಲ್ಲೊಂದು ಪಾಲು ಪಾತ್ರೆಗೆ ತಗುಲಿದರೆ ಹೆಚ್ಚು; ಇದರಲ್ಲಿ ಅದಕ್ಕಿಂತ ಎಷ್ಟೋ ಪಟ್ಟು. ನಮ್ಮಮ್ಮನ ಊರಲ್ಲಿ ಇದನ್ನು ಹಾಕಿಸಿಕೊಂಡವರಲ್ಲಿ ಕೆಲವರು ಕೊಳವೆಯ ಮಸಿ ತೆಗೆಯದೆ, ಅದು ಕಟ್ಟಿಕೊಂಡ ಮೇಲೆ ಒಲೆಯನ್ನೇ ಒಡೆದು ಹಾಕಿದರು. ಒಲೆಯನ್ನು ದೂರುವುದು ಸುಲಭ, ಅಲ್ವಾ?

ಟೌನಿನ ಮನೆಗೆ ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಸೌದೆ ಒಲೆ ಬಚ್ಚಲಿಗೇ ಇರಲಿ, ಅಡುಗೆಗೆ ಗ್ಯಾಸೇ ಇರಲಿ. ಅಡುಗೆಯಾದರೆ ದಿನಕ್ಕೆ ಎರಡು ಮೂರು ಗಂಟೆ ಬೆಂಕಿಯ ಮುಂದೆ ನಿಲ್ಲಬೇಕು. ನೀರಿಗೆ ಹಾಗಲ್ಲ, ಹಚ್ಚಿ, ಸೌದೆ ಒಟ್ಟಿ, ಈಚೆ ಬಂದು ಕಾಫಿ ಕುಡಿಯಬಹುದು. ನಲವತ್ತು ಲೀಟರ್ ನೀರನ್ನು ಸ್ನಾನದ ಹದಕ್ಕೆ ತರಲು ಒಳ್ಳೆಯ ಒಲೆಯಲ್ಲಿ ಒಂದೂವರೆ ಕೆಜಿ ಒಣಸೌದೆ ಸಾಕು. ಮೂರು ಕಲ್ಲಿನ ಮೇಲೆ ಹಂಡೆ ಇಟ್ಟರೆ ಮೂರು ಕೆಜಿ ಬೇಕಾದೀತು. ಅವರೆಕಾಳು ಸಾರಿಗೆ ಸೌದೆ ಒಲೆಯ ರುಚಿಯೇ ಬೇಕೆಂದರೆ ಭಾನುವಾರ ಹಿತ್ತಲಲ್ಲೇ ಒಂದು ಪಾತ್ರೆ ಏರಿಸಿ, ಯಾರು ಬೇಡ ಅಂತಾರೆ!

ಬಚ್ಚಲಿಗೆ ಎರಡು ದಾರಿ. ಗೋಡೆಯಾಚೆಯಿಂದ ಉರಿ ಹಾಕುವ ಹಂಡೆ ಒಲೆ ಒಂದು. ನಡುವೆ ಕೊಳವೆ ಇರುವ ಬಾಯ್ಲರ್ ಇನ್ನೊಂದು. ಬಾಡಿಗೆ ಮನೆಯವರಿಗೆ ಬಾಯ್ಲರ್ ವಾಸಿ, ಮನೆ ಬದಲಿಸಿದರೆ ಹೊತ್ತುಕೊಂಡು ಹೋಗಬಹುದು. ಆದರೆ ಅದು ಬಯಲಲ್ಲೋ ತೆರೆದ ವರಾಂಡದಲ್ಲೋ ಇರಬೇಕು. ಆವಿ ಹೋಗಲು ಕಿಂಡಿ ಇಲ್ಲದ, ಮುಚ್ಚಳ ಬಿಗಿಯುವಂಥ ಬಾಯ್ಲರ್ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ, ಸಿಡಿಯುವ ಅಪಾಯವಿದೆ. ನೀರು ತುಂಬದೆ ಬೆಂಕಿ ಹಚ್ಚಲೂಬಾರದು. ಒಳಗೆ ಕೈ ಹಾಕಿ ಉಜ್ಜುವಷ್ಟು ಬಾಯಿ ಅಗಲವಿದೆಯೇ ಎಂದೂ ನೋಡಿ, ನಮ್ಮ ನೀರಿನ ಉಪ್ಪು ಅದನ್ನೂ ಬಿಡುವುದಿಲ್ಲ.

ಅಂಗಡಿಯಲ್ಲಿ ಸಿಗುವ ಕೈಯಲ್ಲಿ ಎತ್ತಬಹುದಾದ ಒಲೆಗಳಲ್ಲಿ ಹೊಗೆ ಕಡಿಮೆ ನಿಜ, ಆದರೆ ಇಲ್ಲವೇ ಇಲ್ಲ ಎಂದಲ್ಲ. ಕೊಳವೆ ಇಲ್ಲದ್ದನ್ನು ಒಳಗಿಡಬೇಡಿ. ಉರುವಲು ಯಾವುದೆಂದೂ ಕೇಳಿ. 2006ರಲ್ಲಿ 'ಊರ್ಜಾ' ಎಂಬ ಫ್ಯಾನಿನ ಒಲೆ ಬಂದಿತ್ತು. ಅದರ ತಂತ್ರಜ್ಞಾನ ಇದೇ ವಿಜ್ಞಾನ ಸಂಸ್ಥೆಯದು, ಉರಿಯೂ ಚೆನ್ನಾಗಿತ್ತು. ಆದರೆ ಅದಕ್ಕೆಂದೇ ಮಾಡಿದ ಪೆಲೆಟ್ ಬೇಕಿತ್ತು. ಪೆಲೆಟ್ ದುಬಾರಿಯಾದ ಮೇಲೆ ಎಷ್ಟೋ ಒಲೆ ಅಟ್ಟ ಸೇರಿದವು. ನಮ್ಮ ಕಡೆ ಸಿಗುವುದು ನೀಲಗಿರಿ ಸೌದೆ, ಮಾವಿನ ಕೊಂಬೆ, ರೇಷ್ಮೆ ಬೆಳೆಯುವವರ ಹತ್ತಿರ ಹಿಪ್ಪುನೇರಳೆ ಕಡ್ಡಿ, ತೆಂಗಿನ ಕರಟ. ಇವು ಉರಿಯುವ ಒಲೆಯನ್ನೇ ನೋಡಿ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ! ಆ ನೀರಿಗೂ ದುಡ್ಡು ಕೊಟ್ಟು, ಮೇಲೆ ಹೊಗೆಯನ್ನೂ ಕುಡಿಯುವುದೇಕೆ? ಬೇಸಿಗೆಯಲ್ಲೇ ಕೊಂಡು, ಸೀಳಿಸಿ, ನೆರಳಡಿ ಒಟ್ಟಿಡಿ.

ಇನ್ನೊಂದು ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಬೆಚ್ಚಗಿರಲಿ ಎಂದು ಬಾಣಂತಿ ಕೋಣೆಯಲ್ಲಿ ಕೆಂಡ ಇಡುವುದು, ಸಾಂಬ್ರಾಣಿ ಹಾಕಿ ಬಾಗಿಲು ಮುಚ್ಚುವುದು ನಮ್ಮಲ್ಲಿ ಇನ್ನೂ ಇದೆ. ಕೆಂಡ ಕೆಂಪಗಿದ್ದಾಗ ಹೊಗೆ ಕಾಣುವುದಿಲ್ಲ, ಹಾಗಾಗಿ ಏನೂ ಆಗೋಲ್ಲ ಅಂದುಕೊಳ್ಳುತ್ತೇವೆ. ಅದರಿಂದ ಬರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬಂದು ಮಲಗಿದವರು ಏಳದೇ ಹೋಗಬಹುದು. ಹಸುಗೂಸಿಗಂತೂ ಇನ್ನೂ ಅಪಾಯ. "ನಮ್ಮ ಕಾಲದಲ್ಲಿ ಇಡ್ತಿರಲಿಲ್ವಾ?" ಎಂದು ಹಿರಿಯರು ಕೇಳಿದರೆ, "ಆಗ ಮೇಲೆ ಹೆಂಚಿತ್ತು ಅತ್ತೆ, ಸಂದಿನಲ್ಲಿ ಗಾಳಿಯಾಡ್ತಿತ್ತು. ಈಗ ಆರ್‌ಸಿಸಿ" ಎಂದು ಹೇಳಿ. ನಮ್ಮ ಊರಿನ ಚಳಿಗೆ ಒಂದು ಕಂಬಳಿ, ಕಿವಿ ಮುಚ್ಚುವ ಟೋಪಿ ಸಾಕು.

ಇನ್ನು ಒಲೆ ಕಟ್ಟುವವರನ್ನು ಕರೆದಾಗ ಹೊಗೆ ಕೊಳವೆಯ ಮಾತನ್ನೇ ಮೊದಲು ಎತ್ತಿ. ಅದು ಪ್ಯಾರಪೆಟ್ಟಿಗಿಂತ ಎತ್ತರ ಹೋಗಬೇಕು, ಮಧ್ಯೆ ತಿರುವು ಕಡಿಮೆಯಿರಬೇಕು, ಪಕ್ಕದ ಮನೆಯವರ ಕಿಟಕಿಗೆ ಮುಖ ಮಾಡಬಾರದು. ಅವರ ಜೊತೆ ಜಗಳ ಶುರುವಾದರೆ ಬಿಸಿನೀರು ಯಾಕೆ ಬೇಕಿತ್ತು ಅನ್ನಿಸಿಬಿಡುತ್ತೆ! ಮಸಿ ತೆಗೆಯಲು ಕೆಳಗೊಂದು ಮುಚ್ಚಳ ಬಿಡಿಸಿ, ತಿಂಗಳಿಗೊಮ್ಮೆ ತೆಗೆಯಿರಿ. ಮಣ್ಣು ಒಣಗಿದ ಮೇಲೆ ಪೂರ್ತಿ ಹಣ ಕೊಡುವ ಮುಂಚೆ ನಾಲ್ಕು ಒಣಕಡ್ಡಿ ಹಚ್ಚಿಸಿ ಪಕ್ಕದಲ್ಲೇ ನಿಲ್ಲಿ. ಹೊಗೆ ಒಲೆಯ ಬಾಯಿಂದ ಈಚೆ ಬಂದರೆ "ಇನ್ನೊಂದು ಸಲ ಸರಿ ಮಾಡಪ್ಪ" ಎನ್ನಲು ಸಂಕೋಚ ಬೇಡ. ನಮ್ಮ ಮನೆಯಲ್ಲಿ ಎರಡು ಸಲ ಹೇಳಬೇಕಾಯಿತು. ಎರಡು ಸಲವೂ ಹೇಳಿದವರು ಅತ್ತೆಯವರೇ.