ಕುದುರೆಯ ಜೀನನ್ನು ಆರಿಸುವಾಗ

ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ಮನೆಮಾಡಿಕೊಂಡಿರುವ ಈ ಹಳೆಯ ವಿದ್ಯಾರ್ಥಿನಿಯು ಕುದುರೆಯ ಜೀನಿನ ವಿಷಯವಾಗಿ ಬರೆಯುವುದನ್ನು ಕಂಡು ನನ್ನ ಸಹಪಾಠಿನಿಯರು ನಗಬಹುದು. ಇಲ್ಲಿಯ ಹೆಣ್ಣುಮಕ್ಕಳಿಗೆ ಬಹು ಪ್ರಿಯವಾದ ಬ್ಯಾರೆಲ್ ರೇಸ್ ಎಂಬ ಪಂದ್ಯವೊಂದುಂಟು. ಮೂರು ಪೀಪಾಯಿಗಳನ್ನು ತ್ರಿಕೋಣವಾಗಿರಿಸಿ, ಕುದುರೆಯ ಮೇಲೆ ಒಂದೊಂದನ್ನೂ ಸುತ್ತಿ, ಹೊರಟ ಗೆರೆಗೆ ಅತಿಶೀಘ್ರವಾಗಿ ಮರಳತಕ್ಕದ್ದು. ನಿಯಮದ ಅಂಗಳದಲ್ಲಿ ಮೊದಲೆರಡು ಪೀಪಾಯಿಗಳ ನಡುವೆ 90 ಅಡಿ, ಅವುಗಳಿಂದ ಮೂರನೆಯದಕ್ಕೆ 105 ಅಡಿ. ಒಂದನ್ನು ಉರುಳಿಸಿದರೆ 5 ಸೆಕೆಂಡುಗಳ ದಂಡ. 1948ರಲ್ಲಿ ಇದೇ ಸಂಸ್ಥಾನದ ಸ್ಯಾನ್ ಆಂಜೆಲೋ ಪಟ್ಟಣದಲ್ಲಿ 38 ಮಂದಿ ಸ್ತ್ರೀಯರು ಸೇರಿ ಇಂತಹ ಪಂದ್ಯಗಳಿಗಾಗಿ ತಮ್ಮದೇ ಸಂಘವನ್ನು ಕಟ್ಟಿದರು.

ನನ್ನ ಮಗಳಿಗೆ ಈ ಪಂದ್ಯದ ಹುಚ್ಚು ಹಿಡಿದಾಗ ನಾವು ಸೀರೆಯನ್ನು ಆರಿಸುವ ರೀತಿಯಲ್ಲಿ ಜೀನನ್ನು ಆರಿಸಿದೆವು. ಹೂಬಳ್ಳಿಯ ಚರ್ಮಗೆಲಸ, ಆಳವಾದ ಆಸನ, ಹಿಂಬದಿಯ ಎತ್ತರದ ಒರಗು, ತಿರುವಿನಲ್ಲಿ ಹಿಡಿದುಕೊಳ್ಳಲು ಮುಂದೆ ಸಪೂರವಾದ ಕೊಂಬು, ಎಲ್ಲವೂ ಅವಳಿಗೆ ಒಪ್ಪಿದವು. ಕುದುರೆಯನ್ನು ಯಾರೂ ಕೇಳಲಿಲ್ಲ. ತಿಂಗಳೊಳಗಾಗಿ ಅದು ಜೀನನ್ನು ಕಂಡೊಡನೆ ಕಿವಿಗಳನ್ನು ಹಿಂದಕ್ಕೆ ಮಡಿಸಿ ಬಾಲವನ್ನು ಬೀಸತೊಡಗಿತು. ಪೀಪಾಯಿಯ ಬಳಿ ಬಳುಕದೆ ಅಗಲವಾಗಿ ಸುತ್ತತೊಡಗಿತು. ನಾವು ಅದನ್ನು ಮೊಂಡು ಎಂದು ಗದರಿದೆವು; ಕಡಿವಾಣವನ್ನು ಬದಲಾಯಿಸಿದೆವು. ಕಡೆಗೆ ನೆರೆಮನೆಯ ವೃದ್ಧೆಯೊಬ್ಬರು ಜೀನಿಳಿಸಿದ ಬೆನ್ನನ್ನು ನಮಗೆ ತೋರಿಸಿದರು. ಬೆನ್ನೆಲ್ಲ ಬೆವರಿನಿಂದ ತೊಯ್ದಿದ್ದರೂ ಹೆಗಲಿನ ಹಿಂದೆ ಎರಡು ಪಕ್ಕಗಳಲ್ಲಿ ಅಂಗೈಯಗಲದಷ್ಟು ಒಣಗಿಯೇ ಇತ್ತು. ಒತ್ತಡವು ಅಲ್ಲಿ ಮಿತಿಮೀರಿತ್ತು.

ಸವಾರಿಮಾಡುವವಳ ಆಸನವೇ ಮುಖ್ಯವೆಂದು ವಾದಿಸುವವರುಂಟು. ನನಗೆ ಆ ವಾದವು ಸಮ್ಮತವಲ್ಲ. ಜೀನಿನೊಳಗಿನ ಚೌಕಟ್ಟು ಗಡುಸಾದದ್ದು; ಬೆನ್ನಿಗೆ ತಕ್ಕಂತೆ ಅದು ಬಾಗಲಾರದು. ತಿರುವಿನಲ್ಲಿ ಕುದುರೆಯು ಹಿಂಗಾಲುಗಳ ಮೇಲೆ ಕುಗ್ಗಿ ಮೈಯನ್ನು ಬಳುಕಿಸುವಾಗ ಹೆಗಲೆಲುಬು ಹಿಂದಕ್ಕೆ ಸರಿಯಲು ಎಡೆ ಬೇಕು. ಚೌಕಟ್ಟು ಇಕ್ಕಟ್ಟಾದರೆ ಆ ಎಲುಬಿಗೆ ಪ್ರತಿ ಹೆಜ್ಜೆಯಲ್ಲಿಯೂ ತಾಗುವುದು. ಅತಿ ಅಗಲವಾದರೆ ಕುತ್ತಿಗೆ ಮುಗಿಯುವೆಡೆಯ ಉಬ್ಬಿನ ಮೇಲೆ ಕುಸಿಯುವುದು. ಆದುದರಿಂದ ಮೊದಲು ಕಂಬಳಿಯಿಲ್ಲದೆ ಬರಿಬೆನ್ನಿನ ಮೇಲೆ ಜೀನನ್ನಿಟ್ಟು ನೋಡತಕ್ಕದ್ದು. ಅದು ಹೆಗಲೆಲುಬಿನ ಹಿಂದೆ ನೆಲಸಬೇಕು. ಉಬ್ಬಿನ ಮೇಲೆ ಎರಡು ಮೂರು ಬೆರಳುಗಳಷ್ಟಾದರೂ ಎಡೆಯಿರಬೇಕು. ಅಂಗೈಯನ್ನು ಅಡಿಯಲ್ಲಿ ಹಾಯಿಸಿದರೆ ಒತ್ತು ಮುಂದಿನಿಂದ ಹಿಂದಿನವರೆಗೆ ಒಂದೇ ಸಮನಾಗಿ ತೋರಬೇಕು. ಎರಡು ತುದಿಗಳು ಮಾತ್ರ ತಾಗಿ ನಡುವೆ ಸೇತುವೆಯಂತೆ ಟೊಳ್ಳಾಗಿದ್ದರೆ ಆ ಜೀನು ಬೇಡ. ಭಾರ ಹೊರುವ ಭಾಗವು ಕಡೆಯ ಪಕ್ಕೆಲುಬನ್ನು ದಾಟಲೂಬಾರದು. ಇಕ್ಕಟ್ಟಾದ ಜೀನಿಗೆ ದಪ್ಪ ಕಂಬಳಿಯೇ ಪರಿಹಾರವೆಂದು ಹೇಳುವವರ ಮಾತು, ಚಿಕ್ಕ ಬಳೆಯನ್ನು ಕೈಗೆ ಬಟ್ಟೆ ಸುತ್ತಿ ತೊಡಿಸ ಹೊರಟಂತೆ.

ಇದಿಷ್ಟು ಸರಿಹೋದ ಮೇಲೆ ಹುಡುಗಿಯ ಅಳತೆ. ಬೆಳೆಯುವ ಮಗುವಿಗೆಂದು ಎರಡಂಗುಲ ದೊಡ್ಡದನ್ನು ಕೊಳ್ಳುವ ತಾಯಂದಿರ ವಾಡಿಕೆ (ಶಾಲೆಯ ಲಂಗಗಳಲ್ಲಿ ನಾವೆಲ್ಲ ಅದನ್ನು ಅನುಭವಿಸಿದವರೇ) ಇಲ್ಲಿ ಅಪಾಯಕರ. ಸಡಿಲವಾದ ಆಸನದಲ್ಲಿ ಅವಳು ಹಿಂದೆಮುಂದೆ ಓಲಾಡಿ ಕುದುರೆಯ ತೂಕವನ್ನೇ ಕೆಡಿಸುವಳು.

ಆ ಚೆಂದದ ಜೀನನ್ನು ನಷ್ಟಕ್ಕೆ ಮಾರಿದೆವು. ಈಗಿನದು ಇನ್ನೊಬ್ಬರು ಬಳಸಿ ಬಿಟ್ಟದ್ದು, ಬಣ್ಣ ಮಾಸಿದ್ದು. ಕುದುರೆಯು ಅದನ್ನು ಕಂಡು ಕಿವಿ ಮಡಿಸುವುದಿಲ್ಲ. ಆದರೆ ಹಿಂದೆ ಒಣಗಿ ಉಳಿದಿದ್ದ ಆ ಎರಡು ಕಡೆಗಳಲ್ಲಿ, ಅದರ ಕಂದು ಮೈಯ ಮೇಲೆ, ಬಿಳಿಯ ಕೂದಲು ಹುಟ್ಟಿಕೊಂಡು ಹಾಗೆಯೇ ಉಳಿದಿದೆ.